‘ಡಿಡ್ ನಾಟ್ ವಿಸಿಟೆಡ್’: ಭೂತಕಾಲದ ಗುರುತು ಎರಡು ಸಲ ಬೀಳುವುದನ್ನು ತಪ್ಪಿಸುವುದು ಹೇಗೆ?

ಪ್ರಶ್ನೆ (ಕಾಪುವಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಮ್ಮ ಮನೆಮಾತು ತುಳು. ಇಂಗ್ಲಿಷಿನ ನಿಯಮಿತ ಕ್ರಿಯಾಪದಗಳ ಪಟ್ಟಿಯನ್ನು ಕೇಳಿದರೆ ‘ವಾಕ್, ವಾಕ್ಡ್, ವಾಕ್ಡ್’ ಎಂದು ತಡವರಿಸದೆ ಒಪ್ಪಿಸುತ್ತಾಳೆ. ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದ ಪ್ರವಾಸದ ಬಗ್ಗೆ ಬರೆದ ಪ್ರಬಂಧದಲ್ಲಿ ‘ವೀ ಡಿಡ್ ನಾಟ್ ವಿಸಿಟೆಡ್ ದ ಟೆಂಪಲ್’, ‘ಡಿಡ್ ಯೂ ಎಂಜಾಯ್ಡ್’, ‘ಮೈ ಫ್ರೆಂಡ್ ಡಸ್ ನಾಟ್ ಲೈಕ್ಸ್ ದ ಬೋಟ್’ ಎಂಬಂತಹ ವಾಕ್ಯಗಳೇ ತುಂಬಿವೆ. ತಿದ್ದಿ ತೋರಿಸಿದಾಗ ಒಪ್ಪಿಕೊಳ್ಳುತ್ತಾಳೆ, ಮುಂದಿನ ಬರಹದಲ್ಲಿ ಮತ್ತೆ ಅದೇ ತಪ್ಪು. ಪಟ್ಟಿಯನ್ನು ಇನ್ನೂ ಚೆನ್ನಾಗಿ ಬಾಯಿಪಾಠ ಮಾಡಿಸಬೇಕೇ, ಅಥವಾ ಬೇರೆ ದಾರಿ ಇದೆಯೇ?

ಉತ್ತರ (ಮಂಗಳೂರಿನಿಂದ)

ನಮಸ್ಕಾರ. ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಮಗಳಿಗೆ ರೂಪಗಳು ಗೊತ್ತಿವೆ, ಅವು ಕೂರಬೇಕಾದ ಜಾಗ ಗೊತ್ತಿಲ್ಲ. ಇಂಗ್ಲಿಷಿನ ನಿಯಮಿತ ಕ್ರಿಯಾಪದಕ್ಕೆ ಇರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ‘ಮಾಡಿದೆನು, ಮಾಡಿದಳು, ಮಾಡಿದರು’ ಎಂದು ಪ್ರತಿ ಪುರುಷಕ್ಕೂ ಲಿಂಗಕ್ಕೂ ಪ್ರತ್ಯಯ ಹಚ್ಚಿ ಬೆಳೆದ ನಮ್ಮ ಮಕ್ಕಳಿಗೆ ಇಷ್ಟನ್ನು ನೆನಪಿಡುವುದು ಕಷ್ಟವೇ ಅಲ್ಲ.

ತಪ್ಪಿನ ಬೇರು ಮನೆಮಾತಿನಲ್ಲಿ ಇರಬಹುದು ಎಂಬುದು ನನ್ನ ಅಭಿಪ್ರಾಯ. ತುಳುವಿನಲ್ಲಿ ‘ಆಳ್ ಬತ್ತಳ್’ (ಅವಳು ಬಂದಳು) ಎಂಬುದನ್ನು ನಿಷೇಧಿಸುವಾಗ ‘ಆಳ್ ಬತ್ತಿಜಳ್’ ಎನ್ನುತ್ತೇವೆ. ಭೂತಕಾಲವನ್ನು ತಿಳಿಸುವ ಭಾಗವೂ ಉಳಿಯುತ್ತದೆ, ‘ಅವಳು’ ಎಂಬುದನ್ನು ತಿಳಿಸುವ ಕೊನೆಯ ಪ್ರತ್ಯಯವೂ ಉಳಿಯುತ್ತದೆ. ಇಲ್ಲ ಎಂಬ ಅರ್ಥ ಮಾತ್ರ ನಡುವೆ ಬಂದು ಸೇರಿಕೊಳ್ಳುತ್ತದೆ. ಆ ಅಭ್ಯಾಸದಲ್ಲಿ ‘ವಿಸಿಟೆಡ್’ ಅನ್ನು ಮುಟ್ಟದೆ ‘ಡಿಡ್ ನಾಟ್’ ಸೇರಿಸುವುದು ಮಗುವಿಗೆ ಸಹಜವಾಗಿಯೇ ತೋರುತ್ತದೆ.

ಇಲ್ಲಿ ಕನ್ನಡ ನಿಮ್ಮ ನೆರವಿಗೆ ಬರುತ್ತದೆ. ‘ಬಂದಳು’ ಎಂಬುದರ ನಿಷೇಧ ‘ಬರಲಿಲ್ಲ’. ‘ಇಲ್ಲ’ ಬಂದೊಡನೆ ‘ಬಂದಳು’ ತನ್ನ ಕಾಲವನ್ನೂ ಪ್ರತ್ಯಯವನ್ನೂ ಕಳಚಿ ‘ಬರಲು’ ಎಂಬ ರೂಪಕ್ಕೆ ಇಳಿಯುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ ಎಂದು ಎಲ್ಲರಿಗೂ ಒಂದೇ ರೂಪ ಸಾಕಾಗುತ್ತದೆ. ‘ಡಿಡ್ ನಾಟ್ ವಿಸಿಟ್’ ಎಂಬಲ್ಲಿ ‘ವಿಸಿಟ್’ ಮಾಡುವ ಕೆಲಸವೂ ಇದೇ. ಒಂದು ವ್ಯತ್ಯಾಸವಿದೆ: ನಮ್ಮ ‘ಇಲ್ಲ’ ಕಾಲವನ್ನು ಹೊರುವುದಿಲ್ಲ, ಇಂಗ್ಲಿಷಿನ ‘ಡು’ ಹೊರುತ್ತದೆ. ಆದ್ದರಿಂದ ‘ವಿಸಿಟೆಡ್’ನಿಂದ ಕಳಚಿದ ಭೂತಕಾಲ ‘ಡಿಡ್’ಗೆ ಹೋಗುತ್ತದೆ, ‘ಲೈಕ್ಸ್’ನಿಂದ ಕಳಚಿದ ‘ಎಸ್’ ‘ಡಸ್’ನ ಕೊನೆಯಲ್ಲಿ ಕಾಣಿಸುತ್ತದೆ. ಹಿಂದೆ ಇಂಗ್ಲಿಷಿನಲ್ಲೂ ‘ಐ ನೋ ನಾಟ್’ (ನನಗೆ ಗೊತ್ತಿಲ್ಲ) ಎಂದು ‘ಡು’ ಇಲ್ಲದೆಯೇ ನಿಷೇಧಿಸುತ್ತಿದ್ದರು. ಈಗಿನ ಕ್ರಮ ನೆಲೆಗೊಂಡದ್ದು ಸುಮಾರು 1500ರಿಂದ 1700ರ ನಡುವೆ.

ಅಭ್ಯಾಸವನ್ನು ಹೀಗೆ ಮಾಡಿಸಿ. ‘ಶೀ ಲೈಕ್ಸ್ ಫಿಶ್’ ಎಂದು ಬರೆಸಿ, ‘ಎಸ್’ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಸಿ. ಅದರ ಕೆಳಗೆ ‘ಶೀ ಡಸ್ ನಾಟ್ ಲೈಕ್ ಫಿಶ್’, ಅದರ ಕೆಳಗೆ ‘ಡಸ್ ಶೀ ಲೈಕ್ ಫಿಶ್’ ಎಂದು ಬರೆಸಿ, ಆ ಸುತ್ತು ಯಾವ ಪದಕ್ಕೆ ಹೋಯಿತೆಂದು ಅವಳೇ ಹುಡುಕಲಿ. ಕೊನೆಗೆ ‘ಯೆಸ್, ಶೀ ಲೈಕ್ಸ್ ಫಿಶ್’ ಎಂಬ ಉತ್ತರವನ್ನೂ ಬರೆಸಲೇಬೇಕು, ಏಕೆಂದರೆ ಗುರುತು ಹಳೆಯ ಜಾಗಕ್ಕೆ ಮರಳುವುದನ್ನು ನೋಡದ ಮಕ್ಕಳು ಎಲ್ಲ ಕಡೆಯೂ ‘ಎಸ್’ ಬಿಡತೊಡಗುತ್ತಾರೆ. ಒಂದು ವಾಕ್ಯಕ್ಕೆ ಒಂದೇ ಸುತ್ತು; ಎರಡು ಕಂಡರೆ ತಪ್ಪು.

ಮರುಪ್ರಶ್ನೆ

ತುಂಬಾ ಧನ್ಯವಾದ ಸರ್. ‘ಬತ್ತಿಜಳ್’ ಮತ್ತು ‘ಬರಲಿಲ್ಲ’ ಎರಡನ್ನೂ ಒಟ್ಟಿಗೆ ಬರೆದು ತೋರಿಸಿದಾಗ ಅವಳು ಕೂಡಲೇ ತನ್ನ ಪ್ರಬಂಧವನ್ನು ತೆಗೆದು ತಾನೇ ತಿದ್ದಲು ಕುಳಿತಳು. ಆದರೆ ಹೊಸ ಸಂಶಯವೊಂದನ್ನು ಎತ್ತಿದ್ದಾಳೆ: ಒಂದೇ ಗುರುತು ಎಂದಾದರೆ ‘ಶೀ ಹ್ಯಾಸ್ ವಿಸಿಟೆಡ್’ ಎಂಬುದು ಸರಿಯಾಗುವುದು ಹೇಗೆ?

ಉತ್ತರ (ಮಂಗಳೂರಿನಿಂದ)

ಒಳ್ಳೆಯ ಪ್ರಶ್ನೆ; ನಿಯಮವನ್ನು ನಿಜವಾಗಿ ಬಳಸಿ ನೋಡಿದವರಿಗೆ ಮಾತ್ರ ಈ ಸಂಶಯ ಬರುತ್ತದೆ. ಈ ‘ವಿಸಿಟೆಡ್’ ಪಟ್ಟಿಯ ಎರಡನೆಯ ರೂಪವಲ್ಲ, ಮೂರನೆಯದು. ‘ಬಂದಿದ್ದಾಳೆ’ ಎಂಬುದನ್ನು ಬಿಡಿಸಿದರೆ ‘ಬಂದು’ ಮತ್ತು ‘ಇದ್ದಾಳೆ’ ಸಿಗುತ್ತವೆ. ‘ಬಂದು’ ಭೂತನ್ಯೂನ, ಅಂದರೆ ಕೆಲಸ ಮುಗಿದುದನ್ನು ತಿಳಿಸಿದರೂ ವಾಕ್ಯವನ್ನು ಮುಗಿಸದ ರೂಪ; ಅದಕ್ಕೆ ಪುರುಷವಿಲ್ಲ. ಪುರುಷವನ್ನೂ ವರ್ತಮಾನವನ್ನೂ ಹೊರುವುದು ‘ಇದ್ದಾಳೆ’. ಹಾಗೆಯೇ ಇಂಗ್ಲಿಷಿನಲ್ಲಿ ಆ ಹೊರೆ ‘ಹ್ಯಾಸ್’ ಮೇಲಿದೆ, ಸುತ್ತು ಹಾಕಬೇಕಾದದ್ದು ಅದಕ್ಕೆ ಮಾತ್ರ.

ನಿಯಮಿತ ಕ್ರಿಯಾಪದಗಳಲ್ಲಿ ಎರಡನೆಯ ಮತ್ತು ಮೂರನೆಯ ರೂಪಗಳು ಒಂದೇ ಆಗಿರುವುದರಿಂದ ಈ ಭೇದ ಕಣ್ಣಿಗೆ ಬೀಳುವುದಿಲ್ಲ. ಸಂಶಯ ಬಂದಲ್ಲಿ ಆ ಜಾಗಕ್ಕೆ ‘ಗೋ’ ಹಾಕಿ ನೋಡಲಿ: ‘ಶೀ ವೆಂಟ್’, ‘ಶೀ ಹ್ಯಾಸ್ ಗಾನ್’, ‘ಶೀ ಡಿಡ್ ನಾಟ್ ಗೋ’. ‘ಗೋ’ ಹೊಂದುವ ಕಡೆ ‘ವಿಸಿಟ್’, ಉಳಿದ ಎರಡು ಕಡೆ ‘ವಿಸಿಟೆಡ್’.

ಇನ್ನೊಬ್ಬ ಸದಸ್ಯರು (ಬ್ರಹ್ಮಾವರದಿಂದ)

ಚರ್ಚೆ ಉಪಯುಕ್ತವಾಗಿದೆ. ಇದಕ್ಕೆ ಹೊಂದಿಕೊಂಡ ಒಂದು ತೊಡಕು: ‘ಟ್ರಾವೆಲ್ಡ್’ ಪದಕ್ಕೆ ಎರಡು ‘ಎಲ್’ ಹಾಕಿದರೆ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತದೆ, ಶಾಲೆಯಲ್ಲಿ ಒಂದೇ ‘ಎಲ್’ ಹಾಕಿದರೆ ಅಂಕ ಕಳೆಯುತ್ತಾರೆ. ಯಾವುದು ಸರಿ?

ಉತ್ತರ (ಮಂಗಳೂರಿನಿಂದ)

ಎರಡು ‘ಎಲ್’ ಬ್ರಿಟಿಷ್ ಕ್ರಮ, ಒಂದು ‘ಎಲ್’ ಅಮೆರಿಕನ್ ಕ್ರಮ. ನಮ್ಮ ಶಾಲೆಗಳು ಸಾಮಾನ್ಯವಾಗಿ ಬ್ರಿಟಿಷ್ ಕ್ರಮವನ್ನೇ ಅನುಸರಿಸುತ್ತವೆ. ಕಂಪ್ಯೂಟರಿನ ಭಾಷಾ ಆಯ್ಕೆಯನ್ನು ಬ್ರಿಟಿಷ್ ಇಂಗ್ಲಿಷ್ ಅಥವಾ ಭಾರತೀಯ ಇಂಗ್ಲಿಷ್‌ಗೆ ಬದಲಿಸಿದರೆ ಗೆರೆ ಹೋಗುತ್ತದೆ. ಇಂತಹ ಉಳಿದ ಪದಗಳಲ್ಲಿ ಕೊನೆಯ ವ್ಯಂಜನ ದ್ವಿತ್ವವಾಗುವುದು ಸಾಮಾನ್ಯವಾಗಿ ಉಚ್ಚಾರದ ಒತ್ತು ಪದದ ಕೊನೆಯ ಉಚ್ಚಾರಾಂಶದ ಮೇಲೆ ಬಿದ್ದಾಗ: ‘ಅಡ್ಮಿಟ್’ಗೆ ಒತ್ತು ಕೊನೆಯಲ್ಲಿದೆ, ಆದ್ದರಿಂದ ‘ಅಡ್ಮಿಟೆಡ್’ನಲ್ಲಿ ಎರಡು ‘ಟಿ’, ‘ವಿಸಿಟ್’ಗೆ ಒತ್ತು ಮೊದಲಲ್ಲಿದೆ, ಆದ್ದರಿಂದ ‘ವಿಸಿಟೆಡ್’ನಲ್ಲಿ ಒಂದೇ ‘ಟಿ’.