ಪದಚರ್ಚೆ: ‘ಎಕ್ಸ್‌ಚೇಂಜ್ ಪೈಲಟ್’ – ವಿನಿಮಯವೋ, ಎರವಲೋ, ಮುಯ್ಯಾಳೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ದೇಶದ ವಾಯುಪಡೆಯ ಪೈಲಟ್ ಎರಡು-ಮೂರು ವರ್ಷ ಇನ್ನೊಂದು ದೇಶದ ಸ್ಕ್ವಾಡ್ರನ್ನಿಗೆ ಹೋಗಿ, ಅವರ ಫೈಟರನ್ನೇ ಹಾರಿಸಿ, ಮತ್ತೆ ತನ್ನ ಪಡೆಗೆ ವಾಪಸಾಗುತ್ತಾನಲ್ಲ, ಆ ‘ಎಕ್ಸ್‌ಚೇಂಜ್ ಪೋಸ್ಟಿಂಗ್’ಗೆ ಕನ್ನಡದಲ್ಲಿ ಏನು ಬರೆಯುವುದು? ಅನುವಾದದ ಕರಡಿನಲ್ಲಿ ಈಗಿರುವ ವಾಕ್ಯ ಹೀಗಿದೆ: ‘ವಿನಿಮಯ ನಿಯೋಜನೆಯ ಮೇಲೆ ತೆರಳಿದ ಸೇನಾ ಪೈಲಟ್‌ಗಳು ವಿದೇಶಿ ಯುದ್ಧವಿಮಾನಗಳನ್ನು ಹಾರಿಸುತ್ತಾರೆ.’

ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ‘ವಿನಿಮಯ ಅಧಿಕಾರಿ’ ಅಂದರೆ ಬ್ಯಾಂಕಿನಲ್ಲಿ ಡಾಲರ್ ನೋಡಿಕೊಳ್ಳುವವರು ಅನ್ನಿಸುತ್ತದೆ. ಇದೇ ಲೇಖನದಲ್ಲಿ ‘ಕನ್ವರ್ಶನ್’ (ಒಂದು ಬಗೆಯ ವಿಮಾನ ಬಲ್ಲ ಪೈಲಟ್ ಇನ್ನೊಂದನ್ನು ಕಲಿಯುವುದು) ಎಂಬ ಪದ ಏಳೆಂಟು ಸಲ ಬಂದಿದೆ. ಅದಕ್ಕೂ ಒಂದು ದಾರಿ ತೋರಿಸಿ.

ಮರು 1

ಮೇಡಂ, ನಿಮ್ಮ ವಾಕ್ಯದಲ್ಲಿ ತೊಡಕು ಒಂದಲ್ಲ. ‘ವಿನಿಮಯ’ವನ್ನು ಆಮೇಲೆ ನೋಡೋಣ, ಮೊದಲು ‘ವಿದೇಶಿ ಯುದ್ಧವಿಮಾನ’ದ ಮಾತು.

ನಮ್ಮ ವಾಯುಪಡೆಯ ಪೈಲಟ್ ಅಂಬಾಲೆಯಲ್ಲಿ ಹಾರಿಸುವ ರಫೇಲ್ ವಿದೇಶಿಯೇ, ಗ್ವಾಲಿಯರಿನ ಮಿರಾಜ್ 2000 ಕೂಡ ವಿದೇಶಿಯೇ. ಅವರು ಯಾರೂ ಎಕ್ಸ್‌ಚೇಂಜ್ ಪೈಲಟ್‌ಗಳಲ್ಲ. ಅತ್ತ ಬ್ರಿಟನ್ನಿನ ಪೈಲಟ್ ಒಬ್ಬ ಆಸ್ಟ್ರೇಲಿಯಾದ ಸ್ಕ್ವಾಡ್ರನ್ನಿನಲ್ಲಿ ಹಾರ್ನೆಟ್ ಹಾರಿಸಿದರೆ ವಿಮಾನ ಅಮೆರಿಕದ ತಯಾರಿ, ಒಡೆತನ ಆಸ್ಟ್ರೇಲಿಯಾದ್ದು, ಪೈಲಟ್ ಬ್ರಿಟನ್ನಿನವನು. ಅವನು ಎಕ್ಸ್‌ಚೇಂಜ್ ಪೈಲಟ್. ವಿಮಾನ ಎಲ್ಲಿ ತಯಾರಾಯಿತು ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ, ಯಾವ ಪಡೆಯದು ಎಂಬುದೇ ಮುಖ್ಯ. ಹಾಗಾಗಿ ‘ಬೇರೆ ದೇಶದ ವಾಯುಪಡೆಯ ವಿಮಾನ’ ಅಂತ ಬಿಡಿಸಿಯೇ ಬರೆಯಿರಿ. ಎರಡು ಪದ ಹೆಚ್ಚಾಗುತ್ತದೆ, ಆಗಲಿ.

ಎರಡನೆಯದು ‘ನಿಯೋಜನೆ’. ಗಡಿಗೆ ಸೇನೆ ಕಳಿಸಿದರೂ, ಗಣೇಶನ ಮೆರವಣಿಗೆಗೆ ಪೊಲೀಸರನ್ನು ಹಾಕಿದರೂ, ಮೇಷ್ಟ್ರನ್ನು ಬಿಇಒ ಕಚೇರಿಗೆ ಡೆಪ್ಯುಟೇಷನ್ ಮೇಲೆ ಕಳಿಸಿದರೂ ಪತ್ರಿಕೆಗೆ ಅದು ನಿಯೋಜನೆಯೇ. ನಮ್ಮ ಸರ್ಕಾರಿ ಕನ್ನಡದಲ್ಲಿ ಪೋಸ್ಟಿಂಗಿಗೆ ‘ಸ್ಥಳನಿಯುಕ್ತಿ’ ಎಂಬ ಖಚಿತ ಪದವಿದೆ, ಡೆಪ್ಯುಟೇಷನ್ನಿಗೆ ‘ಎರವಲು ಸೇವೆ’ ಇದೆ. ಎರಡೂ ಕಚೇರಿಯ ಕಡತದಿಂದ ಹೊರಗೆ ಬಂದಿಲ್ಲ ಅಷ್ಟೆ.

ಈ ಎರವಲಿಗೂ ಎಕ್ಸ್‌ಚೇಂಜಿಗೂ ಇರುವ ವ್ಯತ್ಯಾಸ ವಾಯುಪಡೆಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. 1967ರ ಜೂನ್‌ನ ಅರಬ್-ಇಸ್ರೇಲ್ ಯುದ್ಧದಲ್ಲಿ ಪಾಕಿಸ್ತಾನ ವಾಯುಪಡೆಯ ಸೈಫುಲ್ ಆಜಂ ಜೋರ್ಡಾನಿನ ಹಂಟರ್ ಫೈಟರ್ ಹತ್ತಿ ಇಸ್ರೇಲಿನ ವಿಮಾನ ಉರುಳಿಸಿದ, ಎರಡು ದಿನ ಬಿಟ್ಟು ಇರಾಕಿನ ಹಂಟರಿನಲ್ಲೂ ಹೋರಾಡಿದ. ಅವನು ಹೋಗಿದ್ದು ಜೋರ್ಡಾನಿಗೆ ಸಲಹೆಗಾರನಾಗಿ, ಅಂದರೆ ಎರವಲು. ಈಜಿಪ್ಟಿನ ಎಚ್‌ಎ-300 ಫೈಟರಿನ ಮೊದಲ ಹಾರಾಟ ನಡೆಸಿದ್ದು (7 ಮಾರ್ಚ್ 1964) ನಮ್ಮ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಅದೂ ಎರವಲೇ. ಈಜಿಪ್ಟಿನವರ ಹೊಸ ಎಂಜಿನ್ನನ್ನು ಪರೀಕ್ಷಿಸಲು ಬೆಂಗಳೂರಿನ ಎಚ್‌ಎಎಲ್‌ನ ಮಾರುತ್ ವಿಮಾನವೊಂದನ್ನೂ ಅಲ್ಲಿಗೆ ಕೊಟ್ಟಿದ್ದರು, ಹಾಗಾಗಿ ವಿಮಾನವೂ ಎರವಲು ಹೋದಂತಾಯಿತು! ಇಂಥ ಕಡೆ ‘ವಿನಿಮಯ’ ಬಳಸಿದರೆ ತಪ್ಪು ಮಾಹಿತಿ.

ಎಕ್ಸ್‌ಚೇಂಜಿನಲ್ಲಿ ನಿಮ್ಮವನೊಬ್ಬ ನಮ್ಮಲ್ಲಿಗೆ, ನಮ್ಮವನೊಬ್ಬ ನಿಮ್ಮಲ್ಲಿಗೆ. ಅಮೆರಿಕದ ನೌಕಾಪಡೆಯ ಪೈಲಟ್ ಫ್ರಾನ್ಸಿನ ರಫೇಲ್ ಎಂ ಹಾರಿಸುತ್ತಾನೆ, ಫ್ರೆಂಚ್ ನೌಕಾಪಡೆಯವನು ಅಲ್ಲಿ ಸೂಪರ್ ಹಾರ್ನೆಟ್ ಹಾರಿಸುತ್ತಾನೆ. ಸಂಬಳ ತವರಿನದು, ಸಮವಸ್ತ್ರವೂ ತವರಿನದು, ತೋಳಿನ ಮೇಲಿನ ಸ್ಕ್ವಾಡ್ರನ್ ಬಿಲ್ಲೆ ಮಾತ್ರ ಹೋದ ಕಡೆಯದು. ದಿನದ ಹಾರಾಟಕ್ಕೆ ಅಪ್ಪಣೆ ಕೊಡುವವನು ಅಲ್ಲಿನ ಕಮಾಂಡರ್, ಆದರೆ ಅವನನ್ನು ಯುದ್ಧಕ್ಕೆ ಕಳಿಸಬಹುದೇ ಬೇಡವೇ ಎಂಬ ಕಡೆಯ ಮಾತು ತವರು ಸರ್ಕಾರದ್ದು.

ಮರು 2

ಸರ್ ಹೇಳಿದ ‘ನಿಮ್ಮವ ನಮ್ಮಲ್ಲಿಗೆ, ನಮ್ಮವ ನಿಮ್ಮಲ್ಲಿಗೆ’ಗೆ ಹಳ್ಳಿಗಳಲ್ಲಿ ಯಾವತ್ತಿನಿಂದಲೋ ಪದ ಇದೆ: ಮುಯ್ಯಾಳು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಕೂಲಿ ಇಲ್ಲ, ಊಟ ಗದ್ದೆಯವರದ್ದು. ಆಳು ನಿಮ್ಮ ಮನೆಯವನೇ ಆಗಿದ್ದರೂ ಆ ದಿನ ಯಾವ ಸಾಲಿಗೆ ನಿಲ್ಲಬೇಕು ಎಂದು ಹೇಳುವವರು ಗದ್ದೆಯ ಯಜಮಾನರು. ಸಂಬಳ, ಅಪ್ಪಣೆ, ವಾಪಸಾತಿ, ಎಲ್ಲವೂ ಎಕ್ಸ್‌ಚೇಂಜ್ ಪೈಲಟ್‌ಗೆ ಹೊಂದುತ್ತದೆ. ‘ಮುಯ್ಯಾಳು ಪೈಲಟ್’ ಯಾಕಾಗಬಾರದು?

‘ವಿನಿಮಯ’ದ ಬಗ್ಗೆ ಇನ್ನೊಂದು ಮಾತು. ‘ಉದ್ಯೋಗ ವಿನಿಮಯ ಕೇಂದ್ರ’ದಲ್ಲಿ ಯಾರೂ ಯಾರ ಉದ್ಯೋಗವನ್ನೂ ಬದಲಾಯಿಸಿಕೊಳ್ಳುವುದಿಲ್ಲ, ‘ದೂರವಾಣಿ ವಿನಿಮಯ ಕೇಂದ್ರ’ದಲ್ಲೂ ಅಷ್ಟೇ. ಇಂಗ್ಲಿಷಿನ ಒಂದು ಪದ ಕಂಡಲ್ಲೆಲ್ಲ ಒಂದೇ ಕನ್ನಡ ಪದ ಅಂಟಿಸಿ ಅಂಟಿಸಿ ವಿನಿಮಯ ಸವೆದುಹೋಗಿದೆ.

ಮರು 1

ಮುಯ್ಯಾಳು ಇಷ್ಟವಾಯಿತು. ಆದರೆ ಒಂದು ಅಳುಕು. ಮದುವೆಯಲ್ಲಿ ಮುಯ್ಯಿ ಪುಸ್ತಕ ಹಿಡಿದು ಕೂತವರ ಮುಯ್ಯಿ ಬೇರೆ, ‘ಮುಯ್ಯಿ ತೀರಿಸಿಕೊಂಡ’ ಅನ್ನುವಾಗಿನ ಮುಯ್ಯಿ ಬೇರೆ. ಯುದ್ಧದ ಸುದ್ದಿಯಲ್ಲಿ ಮುಯ್ಯಿ ಅಂದ ಕೂಡಲೇ ಓದುಗರ ಕಿವಿಗೆ ಬೀಳುವುದು ಸೇಡು. ‘ಮುಯ್ಯಾಳು ಪೈಲಟ್ ದಾಳಿ’ ಎಂಬ ತಲೆಬರಹ ಊಹಿಸಿ ನೋಡಿ. ಲೇಖನದ ಒಳಗೆ ಒಂದು ಕಡೆ ‘ನಮ್ಮ ಹಳ್ಳಿಗಳ ಮುಯ್ಯಾಳು ಲೆಕ್ಕದಂತೆ’ ಎಂದು ಬಿಡಿಸಿ ಹೇಳಲು ಚಿನ್ನದಂಥ ಪದ. ತಲೆಬರಹಕ್ಕೆ ಬೇಡ.

ನನ್ನ ಮತ ‘ಪರಸ್ಪರ ನಿಯುಕ್ತಿ’ಗೆ. ಸರ್ಕಾರಿ ನೌಕರರಿಗೆಲ್ಲ ‘ಪರಸ್ಪರ ವರ್ಗಾವಣೆ’ ಗೊತ್ತು, ಆದ್ದರಿಂದ ವಿವರಣೆ ಬೇಕಿಲ್ಲ. ವರ್ಗಾವಣೆ ಅಂದರೆ ಅಲ್ಲಿಗೇ ಸೇರಿಹೋದ ಹಾಗೆ, ಆದ ಕಾರಣ ನಿಯುಕ್ತಿ.

ಇನ್ನು ಕನ್ವರ್ಶನ್. ದಯವಿಟ್ಟು ‘ಮತಾಂತರ’ದ ಹತ್ತಿರವೂ ಹೋಗಬೇಡಿ, ಯಂತ್ರಾನುವಾದ ಅಲ್ಲಿಗೇ ಕರೆದೊಯ್ಯುತ್ತದೆ. ‘ಪರಿವರ್ತನಾ ತರಬೇತಿ’ ಅಂದರೆ ಜೈಲಿನಲ್ಲಿ ಕೊಡುವಂಥದ್ದು ಅನ್ನಿಸುತ್ತದೆ. ಭಾಷಾಂತರ, ಸ್ಥಳಾಂತರದ ಜಾಡಿನಲ್ಲೇ ‘ವಿಮಾನಾಂತರ ತರಬೇತಿ’ ಅನ್ನಬಹುದು. ಒಂದು ವಿಮಾನದಲ್ಲಿ ಪಳಗಿದ ಕೈ ಇನ್ನೊಂದಕ್ಕೆ ದಾಟುವುದು. ಹೊಸಬನಿಗೆ ಹಾರಾಟ ಕಲಿಸುವ ತರಬೇತಿ ಇದಲ್ಲ ಎಂಬುದು ಪದದಲ್ಲೇ ಬಂತು.

ಇಲ್ಲಿ ಕಲಿಯುವುದಕ್ಕಿಂತ ಮರೆಯುವುದೇ ಕಷ್ಟ. ಅನುವಾದಿಸುವವರಿಗೆ ಇದು ತಿಳಿದಿದ್ದರೆ ಪದ ತಾನಾಗಿ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸುತ್ತೇನೆ. ಕ್ರಮ ಸುಮಾರಾಗಿ ಹೀಗೆ: ಭಾಷೆ ಬೇರೆಯಾಗಿದ್ದರೆ ಮೊದಲು ಭಾಷೆ, ಆಮೇಲೆ ತರಗತಿಯಲ್ಲಿ ವಿಮಾನದ ಪಾಠ, ಸಿಮ್ಯುಲೇಟರ್, ಬೋಧಕನ ಜೊತೆ ಜೋಡಿ ಹಾರಾಟ, ಕೊನೆಗೆ ಒಂಟಿ ಹಾರಾಟ. ಎಫ್-22ರಂಥ ಒಂದೇ ಆಸನದ ವಿಮಾನವಾದರೆ ಜೋಡಿ ಹಾರಾಟವೇ ಇಲ್ಲ. ಸಿಮ್ಯುಲೇಟರಿನಿಂದ ಇಳಿದು ಮೊದಲ ಸಲ ಹತ್ತುವಾಗಲೇ ಒಬ್ಬನೇ, ಬೋಧಕ ಬೇರೆ ವಿಮಾನದಲ್ಲಿ ಪಕ್ಕದಲ್ಲಿ ಬರುತ್ತಾನೆ.

ಎಡವುವುದು ಸಣ್ಣ ಸಣ್ಣ ಕಡೆ. ಮಿಗ್-21ರ ಹಳೆಯ ಉಪಕರಣಗಳು ಎತ್ತರವನ್ನು ಮೀಟರಿನಲ್ಲಿ ತೋರಿಸುತ್ತವೆ, ಪಾಶ್ಚಾತ್ಯ ವಿಮಾನಗಳವು ಅಡಿಯಲ್ಲಿ. ಮುಳ್ಳು 500ರ ಮೇಲಿದ್ದರೆ ಒಂದರಲ್ಲಿ 500 ಮೀಟರ್, ಇನ್ನೊಂದರಲ್ಲಿ ಬರೀ 152 ಮೀಟರ್. ಮೀಟರಿಗೆ ಒಗ್ಗಿದ ಕಣ್ಣು ಅಡಿಯ ಮುಳ್ಳು ನೋಡಿ ಇನ್ನೂ ಸಾಕಷ್ಟು ಎತ್ತರವಿದೆ ಅಂದುಕೊಂಡರೆ ಗುಡ್ಡ ಹತ್ತಿರ ಬಂದಾಗಿರುತ್ತದೆ. ಇಂಧನವೂ ಹಾಗೆಯೇ. ಎಫ್-16ರಲ್ಲಿ ಪೌಂಡ್, ರಫೇಲಿನಲ್ಲಿ ಕಿಲೊ. ‘ಎರಡು ಸಾವಿರ ಉಳಿದಿದೆ’ ಅಂದರೆ ಒಂದರಲ್ಲಿ 907 ಕಿಲೊ, ಇನ್ನೊಂದರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅನುವಾದದಲ್ಲಿ ಅಂಕಿಯ ಪಕ್ಕದ ಮಾನವನ್ನು ಬಿಡಲೇಬೇಡಿ.

ಮೋಡದೊಳಗೆ ವಿಮಾನ ಎತ್ತ ವಾಲಿದೆ ಎಂದು ತೋರಿಸುವ ದಿಗಂತಸೂಚಿ ಇನ್ನೂ ಕುತಂತ್ರಿ. ಪಾಶ್ಚಾತ್ಯ ಸೂಚಿಯಲ್ಲಿ ವಿಮಾನದ ಗುರುತು ಅಲ್ಲಾಡುವುದಿಲ್ಲ, ಹಿಂದಿನ ದಿಗಂತದ ಗೆರೆ ವಾಲುತ್ತದೆ. ಸೋವಿಯತ್ ಬಗೆಯದರಲ್ಲಿ ಗೆರೆ ಮಟ್ಟವಾಗಿಯೇ ಇದ್ದು ವಿಮಾನದ ಗುರುತು ವಾಲುತ್ತದೆ. ಬಲಕ್ಕೆ ವಾಲಿದ ವಿಮಾನವನ್ನು ನೇರ ಮಾಡಲು ಹೋಗಿ, ಹಳೆಯ ಅಭ್ಯಾಸದ ಕೈ ಇನ್ನಷ್ಟು ಬಲಕ್ಕೆ ತಿರುಗಿಸಿಬಿಡಬಹುದು. ನೆಲದ ಮೇಲೂ ಬಿಡುವಿಲ್ಲ. ಮಿಗ್-21, ಹಂಟರ್ ಎರಡರಲ್ಲೂ ಬ್ರೇಕ್ ಇರುವುದು ಸ್ಟಿಕ್ಕಿಗೆ (ಪೈಲಟ್ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಕೋಲಿಗೆ) ಅಂಟಿದ ಹಿಡಿಯಲ್ಲಿ. ಕಾಲಬೆರಳಲ್ಲಿ ಬ್ರೇಕ್ ಒತ್ತಿ ರೂಢಿಯಾದವನು ಪೆಡಲಿನ ತುದಿ ತುಳಿದರೆ ವಿಮಾನ ತನ್ನ ಪಾಡಿಗೆ ಉರುಳುತ್ತಿರುತ್ತದೆ. ಆಪತ್ತಿನಲ್ಲಿ ಸೀಟಿನ ಸಮೇತ ಹೊರಚಿಮ್ಮಲು ಎಳೆಯುವ ಎಜೆಕ್ಷನ್ ಹಿಡಿ ಎಫ್-15ರಲ್ಲಿ ಸೀಟಿನ ಎರಡು ಪಕ್ಕಕ್ಕೆ, ಎಫ್-16ರಲ್ಲಿ ತೊಡೆಗಳ ನಡುವೆ. ಅದನ್ನು ತಡಕಾಡುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಕ್‌ಪಿಟ್ಟಿನ ಒಂದೊಂದು ಗುಂಡಿಯನ್ನೂ ಮುಟ್ಟಿ ಹೇಳುವ ಪರೀಕ್ಷೆ ಇರುವುದು ಇದಕ್ಕೇ.

ಮರು 3

‘ಹಾರಿಸು’ ಬಗ್ಗೆ ಯಾರೂ ಹೇಳಲಿಲ್ಲ. ಬಾವುಟ, ಗುಂಡು, ಕ್ಷಿಪಣಿ, ವಿಮಾನ ಎಲ್ಲಕ್ಕೂ ನಮಗೆ ಇದೊಂದೇ ಕ್ರಿಯಾಪದ. ‘ರಫೇಲಿನಿಂದ ಹಾರಿಸಿದ’, ‘ರಫೇಲನ್ನು ಹಾರಿಸಿದ’ – ಒಂದು ಪ್ರತ್ಯಯ ಜಾರಿದರೆ ಪೈಲಟ್ ಹೋಗಿ ಕ್ಷಿಪಣಿ ಬಂತು. ಅದಕ್ಕಿಂತ ದೊಡ್ಡ ತಪ್ಪು ಹಿಂದಿನ ಸೀಟಿನದು. ಫೆಬ್ರವರಿ 2018ರಲ್ಲಿ ಅಮೆರಿಕ ವಾಯುಪಡೆಯ ಮುಖ್ಯಸ್ಥ ಜನರಲ್ ಗೋಲ್ಡ್‌ಫೀನ್ ಜೋಧಪುರದಲ್ಲಿ ನಮ್ಮ ತೇಜಸ್ ಹತ್ತಿದ್ದರು. ವಿಮಾನದ ಹೊಣೆ ಮುಂದಿನ ಸೀಟಿನ ಭಾರತೀಯ ಪೈಲಟ್‌ನದು. ಅಲ್ಲಿ ‘ತೇಜಸ್‌ನಲ್ಲಿ ಹಾರಾಟ ನಡೆಸಿದರು’ ಸರಿ, ‘ತೇಜಸ್ ಹಾರಿಸಿದರು’ ತಪ್ಪು. ಯಲಹಂಕದ ಏರ್ ಶೋ ಬಂದಾಗಲೆಲ್ಲ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಒಂದು ದಿನದ ಅತಿಥಿಗೂ ಮೂರು ವರ್ಷದ ಎಕ್ಸ್‌ಚೇಂಜ್ ಪೈಲಟ್‌ಗೂ ಒಂದೇ ಕ್ರಿಯಾಪದ ಹಾಕಿದರೆ ವ್ಯತ್ಯಾಸ ತೋರಿಸುವುದು ಹೇಗೆ?

‘ಬೇರೆ ದೇಶದ’ ಎಂಬುದೂ ಎಲ್ಲ ಕಡೆ ನಿಲ್ಲುವುದಿಲ್ಲ. ಕೊರಿಯಾ ಯುದ್ಧದಲ್ಲಿ, ಜುಲೈ 1953ರಲ್ಲಿ, ಮೂರು ಮಿಗ್-15 ಉರುಳಿಸಿದ ಜಾನ್ ಗ್ಲೆನ್ ಅಮೆರಿಕದ ಮರೀನ್ ಪಡೆಯವರು. ಎಕ್ಸ್‌ಚೇಂಜ್ ಮೇಲೆ ಹಾರಿಸುತ್ತಿದ್ದುದು ಅದೇ ದೇಶದ ವಾಯುಪಡೆಯ ಸೇಬರ್ ಫೈಟರ್. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಡೇವಿಡ್ ಮಾರ್ಗನ್ ಬ್ರಿಟನ್ ವಾಯುಪಡೆಯವರು, ಹಾರಿಸಿದ್ದು ಬ್ರಿಟನ್ ನೌಕಾಪಡೆಯ ಸೀ ಹ್ಯಾರಿಯರ್. ಇಂಥ ಕಡೆ ‘ಪರದೇಶ’ ಬೇಡ, ‘ಪರಪಡೆ’ ಅನ್ನಿ.

ಹುದ್ದೆಗಳ ಹೆಸರಿನಲ್ಲೂ ಜೋಪಾನ. ಫ್ರೆಂಚ್ ವಾಯುಪಡೆಯ ‘ಕಮಾಂಡಾಂ’ ಅಂದರೆ ನಮ್ಮ ಸ್ಕ್ವಾಡ್ರನ್ ಲೀಡರ್ ಮಟ್ಟದವನು. ಅದನ್ನು ‘ಕಮಾಂಡೆಂಟ್’ ಅಂತ ಬರೆದರೆ ನಮ್ಮ ಓದುಗರು ಕೆಎಸ್‌ಆರ್‌ಪಿ ಬೆಟಾಲಿಯನ್ ಮುಖ್ಯಸ್ಥರನ್ನು ನೆನೆಯುತ್ತಾರೆ. ಅಮೆರಿಕ ವಾಯುಪಡೆಯ ಕ್ಯಾಪ್ಟನ್ ನಮ್ಮ ಫ್ಲೈಟ್ ಲೆಫ್ಟಿನೆಂಟ್‌ಗೆ ಸಮ, ನೌಕಾಪಡೆಯ ಕ್ಯಾಪ್ಟನ್ ಗ್ರೂಪ್ ಕ್ಯಾಪ್ಟನ್‌ಗೆ. ಇಬ್ಬರ ನಡುವೆ ಮೂರು ಮೆಟ್ಟಿಲು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ಇನ್ನೊಂದೇ ಒಂದು: ‘ಎಂಬೆಡೆಡ್’ ಪೈಲಟ್‌ಗೂ ಪರಸ್ಪರ ನಿಯುಕ್ತಿ ಅನ್ನಬಹುದೇ?

ಮರು 1

ಕಣ್ಣುಮುಚ್ಚಿ ಅನ್ನಬೇಡಿ. ಎಂಬೆಡೆಡ್ ಅನ್ನುವುದು ದೊಡ್ಡ ಬುಟ್ಟಿ, ಎಕ್ಸ್‌ಚೇಂಜ್‌ನವರೂ ಅದರೊಳಗೆ ಬರಬಹುದು, ಬದಲಿಗೆ ಯಾರೂ ಬಾರದೆ ಹೋದವರೂ ಬರಬಹುದು. ‘ಪರಪಡೆಯೊಳಗೆ ಸೇರಿಕೊಂಡ’ ಎಂದು ಬಿಡಿಸಿ ಬರೆಯಿರಿ. ‘ಹುದುಗಿದ’ ಬೇಡ, ಅವಿತುಕೊಂಡ ಹಾಗೆ ಕೇಳುತ್ತದೆ.

ಈ ಪದಕ್ಕೆ ರಾಜಕೀಯದ ಭಾರವೂ ಇದೆ. ಸಿರಿಯಾದಲ್ಲಿ ಐಸಿಸ್ ಮೇಲೆ ಬಾಂಬ್ ಹಾಕಲು ಬ್ರಿಟನ್ ಸಂಸತ್ತು ಒಪ್ಪಿದ್ದು ಡಿಸೆಂಬರ್ 2015ರಲ್ಲಿ. ಮಿತ್ರಪಡೆಗಳೊಳಗೆ ಸೇರಿಕೊಂಡಿದ್ದ ಬ್ರಿಟಿಷ್ ಪೈಲಟ್‌ಗಳು ಅದಕ್ಕೂ ಮೊದಲೇ ಅಲ್ಲಿ ದಾಳಿ ನಡೆಸಿದ್ದರು ಎಂಬುದು ಆ ವರ್ಷದ ಜುಲೈನಲ್ಲಿ ಹೊರಬಿದ್ದು ಗದ್ದಲವಾಯಿತು. ಅವರು ಆ ದೇಶಗಳ ಅಪ್ಪಣೆಯಂತೆ ನಡೆಯುತ್ತಿದ್ದರು ಎಂಬುದು ಸರ್ಕಾರದ ಸಮಜಾಯಿಷಿ. ಕೊರಿಯಾದಲ್ಲಿ ಅಮೆರಿಕದ ಸೇಬರ್‌ಗಳನ್ನು ಹಾರಿಸಿದ ಕೆನಡಾದ 22 ಪೈಲಟ್‌ಗಳಲ್ಲಿ ಆ್ಯಂಡಿ ಮೆಕೆಂಜಿ ಡಿಸೆಂಬರ್ 1952ರಲ್ಲಿ ಸೆರೆಸಿಕ್ಕರು. ಜುಲೈ 1953ರಲ್ಲಿ ಕದನವಿರಾಮವಾಗಿ ಉಳಿದ ಕೈದಿಗಳ ವಿನಿಮಯ ಮುಗಿದರೂ ಚೀನಾ ಅವರನ್ನು ಬಿಟ್ಟಿದ್ದು ಡಿಸೆಂಬರ್ 1954ರಲ್ಲಿ. ಇಲ್ಲಿ ‘ಕೈದಿಗಳ ವಿನಿಮಯ’ ಸರಿಯಾದ ಬಳಕೆ, ಅದನ್ನು ಮುಟ್ಟಬೇಡಿ.

ನಿಮ್ಮ ವಾಕ್ಯ ಹೀಗಿರಲಿ: ‘ಪರಸ್ಪರ ನಿಯುಕ್ತಿಯ ಮೇಲೆ ಹೋದ ಪೈಲಟ್‌ಗಳು ಬೇರೆ ದೇಶದ ವಾಯುಪಡೆ ಸೇರಿ, ಅಲ್ಲಿನ ಯುದ್ಧವಿಮಾನಗಳನ್ನೇ ಹಾರಿಸುತ್ತಾರೆ. ಆ ದೇಶದ ಪೈಲಟ್‌ಗಳು ಇವರಲ್ಲಿಗೆ ಬರುತ್ತಾರೆ.’ ಎರಡನೆಯ ವಾಕ್ಯವನ್ನು ಜಾಗ ಸಾಲದೆಂದು ಸಂಪಾದಕರು ಕತ್ತರಿಸಲು ಬಂದರೆ ಮೊದಲನೆಯದರ ‘ಪರಸ್ಪರ’ವನ್ನೂ ಕತ್ತರಿಸಲು ಹೇಳಿ.

ಮರು 2

ಮುಯ್ಯಾಳನ್ನು ಲೇಖನದ ಒಳಗಾದರೂ ಒಂದು ಕಡೆ ಉಳಿಸಿಕೊಳ್ಳಿ ಮೇಡಂ.