ಏಳು ಜನ, ನಾಲ್ಕು ಮಟ್ಟ: ಸ್ಕೀ ರೆಸಾರ್ಟ್ ಆರಿಸುವುದು ಹೇಗೆ?

ಬಿಳಿದಾರಿ ಕೇಳಿದ್ದು:
ಮುಂದಿನ ಚಳಿಗಾಲಕ್ಕೆ ಏಳು ಜನ ಗೆಳೆಯರು ಒಂದು ವಾರ ಸ್ಕೀಯಿಂಗ್‌ಗೆ ಹೊರಟಿದ್ದೇವೆ. ಇಬ್ಬರು ಕಪ್ಪು ರನ್ (ಎಲ್ಲಕ್ಕಿಂತ ಕಷ್ಟದ ಇಳಿಜಾರು ದಾರಿ) ಕೂಡ ಆರಾಮಾಗಿ ಇಳಿಯುತ್ತಾರೆ. ನಾನೂ ಸೇರಿ ಮೂವರಿಗೆ ಸುಲಭದ ನೀಲಿ ರನ್ ಸಲೀಸು, ಅದಕ್ಕಿಂತ ಕಷ್ಟದ ಕೆಂಪು ಕಂಡರೆ ಕಾಲು ನಡುಗುತ್ತದೆ. ಒಬ್ಬಳು ಇದುವರೆಗೆ ಸ್ಕೀ ಮುಟ್ಟಿಯೇ ಇಲ್ಲ. ಇನ್ನೊಬ್ಬನಿಗೆ ಮಂಡಿ ನೋವು, ಸ್ಕೀ ಮಾಡುವುದಿಲ್ಲ, ಆದರೆ ಅವನಿಲ್ಲದೆ ನಮಗೆ ಹೋಗಲು ಮನಸ್ಸಿಲ್ಲ. ಹೋದ ಸಲ ಎಷ್ಟು ಕಿಲೋಮೀಟರ್ ರನ್ ಇದೆ ಅಂತ ಮಾತ್ರ ನೋಡಿ ದೊಡ್ಡ ಜಾಗ ಆರಿಸಿದೆವು. ಬೆಳಿಗ್ಗೆ ಬೇರೆಯಾದವರು ಸಂಜೆಯವರೆಗೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈ ಸಲ ಮಧ್ಯಾಹ್ನದ ಊಟವಾದರೂ ಒಟ್ಟಿಗೆ ಆಗಬೇಕು. ಏನು ನೋಡಿ ಆರಿಸಬೇಕು?

ತುದಿಯಿಂದಬುಡಕ್ಕೆ:
ಕಿಲೋಮೀಟರ್ ಬಿಡಿ. ನಕ್ಷೆ ತೆರೆದು ಸುಲಭದ ರನ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ನೋಡಿ, ನಿಮ್ಮ ಗುಂಪಿಗೆ ಬೇಕಾದ ಉತ್ತರ ಅಲ್ಲೇ ಇರುತ್ತದೆ. ಕೆನಡಾದ ವಿಸ್ಲರ್ ಬ್ಲ್ಯಾಕ್‌ಕೊಂಬ್ ಒಳ್ಳೆಯ ಉದಾಹರಣೆ. ಎರಡೂ ಬೆಟ್ಟದಲ್ಲಿ ಗೊಂಡೋಲಾದಿಂದ (ತಂತಿಯ ಮೇಲೆ ಸಾಗುವ ಮುಚ್ಚಿದ ಡಬ್ಬಿ) ನಾವು ಇಳಿಯುವ ಎತ್ತರದಿಂದಲೇ ಸುಲಭದ ಹಸಿರು ರನ್ ಇದೆ, ನಡುವೆ 4.4 ಕಿ.ಮೀ. ಉದ್ದದ ಪೀಕ್ ಟು ಪೀಕ್ ಗೊಂಡೋಲಾ ಇದೆ, ಹಾಗಾಗಿ ಪಳಗಿದವರೂ ಹೊಸಬರೂ ಸ್ಕೀ ಮಾಡದವರೂ ಮೇಲೆಯೇ ಒಂದೇ ಮೇಜಿಗೆ ಬಂದು ಕೂರಬಹುದು. ಫ್ರಾನ್ಸ್‌ನ ಆಲ್ಪ್ ದ್ಯುಯೆಜ್ ಕೂಡ ಇಂಥ ಗುಂಪಿಗೆ ಹೊಂದುತ್ತದೆ. ಊರಿನ ಮೇಲೆಯೇ ಅಗಲವಾದ ಹಸಿರು ಇಳಿಜಾರು. ನಿಮ್ಮ ಆ ಇಬ್ಬರು 3330 ಮೀಟರ್ ಎತ್ತರದ ಪಿಕ್ ಬ್ಲಾಂಗೆ ಹೋಗಿ 16 ಕಿ.ಮೀ. ಉದ್ದದ ಸರೆನ್ ಕಪ್ಪು ರನ್ ಇಳಿದು ಬರಲಿ. ಹತ್ತಿರದ ಲೇ ದ್ಯೂಜ್ ಆಲ್ಪ್‌ನಲ್ಲಿ ಇದು ಹೆಚ್ಚುಕಮ್ಮಿ ತಲೆಕೆಳಗು. ಮೇಲೆ ಹಿಮನದಿಯ ಕಡೆ ಸುಲಭ, ಊರಿನ ಎದುರಿನ ಇಳಿಜಾರು ಕಡಿದು, ಆದ್ದರಿಂದ ಎಷ್ಟೋ ಹೊಸಬರು ಲಿಫ್ಟ್‌ನಲ್ಲೇ ಕೆಳಗೆ ಬರುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ, ಮೊದಲೇ ಗೊತ್ತಿರಬೇಕು ಅಷ್ಟೇ.

ನೀಲಿಗೆರೆ:
ಬಣ್ಣ ನಂಬಿ ಮೋಸ ಹೋಗಬೇಡಿ. ಫ್ರಾನ್ಸ್‌ನಲ್ಲಿ ಹಸಿರು ಎಲ್ಲಕ್ಕಿಂತ ಸುಲಭ. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ನಲ್ಲಿ ಸಾಮಾನ್ಯವಾಗಿ ನೀಲಿಯಿಂದಲೇ ಶುರು. ಉತ್ತರ ಅಮೆರಿಕದಲ್ಲಿ ಕೆಂಪೇ ಇಲ್ಲ, ಅಲ್ಲಿ ನೀಲಿ ಅಂದರೆ ನಡುವಿನ ಮಟ್ಟ. ಒಂದೇ ದೇಶದ ಎರಡು ರೆಸಾರ್ಟ್‌ಗಳ ನೀಲಿ ಕೂಡ ಒಂದೇ ಥರ ಇರುವುದಿಲ್ಲ.

ಇನ್ನೊಂದು, ಸಂಜೆ ಊರಿಗೆ ಮರಳುವ ರನ್ ಯಾವುದು ಅಂತ ಬೇರೆಯಾಗಿಯೇ ನೋಡಿ. ಒಂದು ಕಡೆ ನನ್ನ ಗೆಳತಿ ಮೂರು ದಿನ ಚೆನ್ನಾಗಿ ಕಲಿತಳು. ನಾಲ್ಕನೇ ಸಂಜೆ, ಮನೆಗೆ ಇಳಿಯುವ ನೀಲಿ ರನ್ ಗಟ್ಟಿ ಮಂಜುಗಡ್ಡೆಯಾಗಿತ್ತು, ಜನವೋ ಜನ, ಸುಸ್ತು ಬೇರೆ. ಅರ್ಧದಲ್ಲಿ ಕೂತು ಅತ್ತಳು. ಮರುದಿನ ಸ್ಕೀ ಮುಟ್ಟಲಿಲ್ಲ. ಕೆಳಗೆ ಬರುವ ಗೊಂಡೋಲಾ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ನಾನು ಬೆಳಿಗ್ಗೆಯೇ ಕೇಳಿದ್ದರೆ ಹಾಗಾಗುತ್ತಿರಲಿಲ್ಲ.

ಬಿಳಿದಾರಿ:
ಇದು ನಮಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಹೊಸಬಳಿಗೆ ನಾವೇ ಕಲಿಸಿದರೆ ಆಗುವುದಿಲ್ಲವಾ? ಫ್ರಾನ್ಸ್‌ನ ಶಾಮೊನಿಗೆ ಹೋಗೋಣ ಅಂತ ಒಬ್ಬರ ಹಟ, ಅದು ಹೇಗೆ?

ಮಂಜುಮನೆ:
ದಯವಿಟ್ಟು ನೀವು ಕಲಿಸಬೇಡಿ! ಚೆನ್ನಾಗಿ ಸ್ಕೀ ಮಾಡುವವರಿಗೆ ತಾವು ಹೇಗೆ ಕಲಿತೆವು ಅನ್ನುವುದು ಮರೆತು ಹೋಗಿರುತ್ತದೆ. ಕಡೇ ಪಕ್ಷ ಮೊದಲ ಮೂರು ಬೆಳಿಗ್ಗೆ ಸ್ಕೀ ಶಾಲೆಗೆ ಸೇರಿಸಿ, ಮಧ್ಯಾಹ್ನ ನಿಮ್ಮಲ್ಲಿ ಒಬ್ಬರು ಸುಮ್ನೆ ಜೊತೆಗಿರಿ. ಮೊದಲ ದಿನವೇ ಅವಳಿಗೆ ಪೂರ್ತಿ ಪ್ರದೇಶದ ಲಿಫ್ಟ್ ಪಾಸ್ ಕೊಳ್ಳಬೇಡಿ, ಸುಮಾರು ಕಡೆ ಹೊಸಬರಿಗೆ ಅಂತಲೇ ಕಡಿಮೆ ಬೆಲೆಯ ಪಾಸ್ ಇರುತ್ತದೆ, ಕೇಳಿ.

ಶಾಮೊನಿ ಆ ಇಬ್ಬರಿಗೆ ಸ್ವರ್ಗ, ಒಪ್ಪುತ್ತೇನೆ. ಆದರೆ ಅಲ್ಲಿ ಸ್ಕೀ ಪ್ರದೇಶಗಳು ಕಣಿವೆಯ ಉದ್ದಕ್ಕೂ ಬೇರೆ ಬೇರೆ ಇವೆ, ನಡುವೆ ಬಸ್ಸೋ ರೈಲೋ ಹಿಡಿಯಬೇಕು. ಒಟ್ಟಿಗೆ ಊಟ ಅಂದಿರಲ್ಲ, ಅದಕ್ಕೆ ಆಗಿಬರುವುದಿಲ್ಲ.

ಮಂಡಿ ನೋವಿನವರನ್ನು ಮರೆಯಬೇಡಿ. ಸ್ವಿಟ್ಜರ್‌ಲೆಂಡ್‌ನ ಜೆರ್ಮಾಟ್‌ನಲ್ಲಿ ಸ್ಕೀ ಇಲ್ಲದೆಯೂ 3089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ಗೆ ರೈಲಿನಲ್ಲೇ ಹೋಗಬಹುದು, ಕಣ್ಣೆದುರು ಮ್ಯಾಟರ್‌ಹಾರ್ನ್ ಶಿಖರ. ಎಲ್ಲಿಗೇ ಹೋದರೂ ಸ್ಕೀ ಇಲ್ಲದೆ ನಡೆದು ಬರುವವರನ್ನು ಯಾವ ಲಿಫ್ಟ್‌ಗೆ ಹತ್ತಿಸುತ್ತಾರೆ, ಮತ್ತೆ ಕೆಳಗೆ ಇಳಿಸುತ್ತಾರಾ ಅಂತ ವಿಚಾರಿಸಿ. ಕುರ್ಚಿ ಲಿಫ್ಟ್‌ಗಿಂತ ಗೊಂಡೋಲಾ ಅವರ ಮಂಡಿಗೂ ಒಳ್ಳೆಯದು, ಅಲ್ವಾ.

ಬಿಳಿದಾರಿ:
ಶಾಮೊನಿ ಕೈಬಿಟ್ಟೆವು. ಆಲ್ಪ್ ದ್ಯುಯೆಜ್ ನಕ್ಷೆ ಹರಡಿಕೊಂಡು ಕೂತಿದ್ದೇವೆ. ಮಂಡಿ ನೋವಿನವನೇ ಪೆನ್ಸಿಲ್ ಹಿಡಿದು, ತಾನು ಗೊಂಡೋಲಾದಲ್ಲಿ ತಲುಪಬಹುದಾದ ಊಟದ ಜಾಗಗಳಿಗೆಲ್ಲ ಸುತ್ತು ಹಾಕುತ್ತಿದ್ದಾನೆ.