ಹೊರಗಿನ ಶಾಯಿ ಟ್ಯಾಂಕ್ ಜೋಡಿಸಿದ ಮೇಲೆ ಪುಟದ ನಡುವಿನಲ್ಲೇ ನೀಲಿ ಬಣ್ಣ ಮಾಯವಾಗುತ್ತಿದೆ

ನೀಲಿಗೆರೆ:
ಎಲ್ಲರಿಗೂ ನಮಸ್ಕಾರ. ಮನೆಯ ಇಂಕ್‌ಜೆಟ್ ಪ್ರಿಂಟರಿಗೆ ನಾಲ್ಕು ಬಣ್ಣಗಳ ನಿರಂತರ ಶಾಯಿ ಪೂರೈಕೆಯ ಕಿಟ್ (ಹೊರಗಿನ ಟ್ಯಾಂಕಿನಿಂದ ಕೊಳವೆಗಳ ಮೂಲಕ ಶಾಯಿ ಒದಗಿಸುವ ಜೋಡಣೆ) ಅಳವಡಿಸಿದ್ದೇನೆ. ಕಾಗದದ ಮೇಲೆ ಶಾಯಿ ಚಿಮ್ಮಿಸುವ ಪ್ರಿಂಟ್ ಹೆಡ್ ಪ್ರಿಂಟರಿನಲ್ಲೇ ಇರುವ ಮಾದರಿ ಇದು. ಕಾರ್ಟ್ರಿಡ್ಜ್ ಎಂದರೆ ಬರೀ ಶಾಯಿಯ ಡಬ್ಬಿ. ಕಾರ್ಟ್ರಿಡ್ಜಿನ ಎಲೆಕ್ಟ್ರಾನಿಕ್ ಚಿಪ್ಪನ್ನು ಪ್ರಿಂಟರ್ ಒಪ್ಪಿಕೊಂಡಿದೆ, ಎಲ್ಲಿಯೂ ಸೋರುತ್ತಿಲ್ಲ. ನಾಝಲ್ ಚೆಕ್ (ಹೆಡ್ಡಿನ ಸಣ್ಣ ರಂಧ್ರಗಳನ್ನು ಪರೀಕ್ಷಿಸುವ ಪುಟ) ಮುದ್ರಿಸಿದರೆ ನಾಲ್ಕೂ ಬಣ್ಣಗಳ ಗೆರೆಗಳು ತುಂಡಾಗದೆ ಬರುತ್ತವೆ. ಆದರೆ ಇಡೀ ಪುಟದ ಫೋಟೊ ಕೊಟ್ಟರೆ ಮೇಲಿನ ಕಾಲುಭಾಗ ಚೆನ್ನಾಗಿ ಬಂದು, ಆಮೇಲೆ ನೀಲಿ ತೆಳುವಾಗುತ್ತಾ ಹೋಗುತ್ತದೆ. ಪುಟದ ಕೊನೆಗೆ ಆಕಾಶವೆಲ್ಲ ನಸುಗೆಂಪು. ಹೆಡ್ ಕ್ಲೀನಿಂಗ್ (ಪ್ರಿಂಟರ್ ತಾನೇ ಹೆಡ್ಡಿನ ಮೂಲಕ ಶಾಯಿ ಹರಿಸಿ ರಂಧ್ರ ಶುಚಿಗೊಳಿಸುವುದು) ಮಾಡಿದರೆ ಮತ್ತೆ ಒಂದಷ್ಟು ಸಾಲು ಸರಿಯಾಗಿ ಬಂದು ಪುನಃ ಅದೇ ಅವಸ್ಥೆ. ರಾತ್ರಿಯಿಡೀ ಸುಮ್ಮನೆ ಬಿಟ್ಟರೆ ಬೆಳಿಗ್ಗೆ ತಾನಾಗಿಯೇ ಬಣ್ಣ ಮರಳಿರುತ್ತದೆ. ಹೆಡ್ ಕಟ್ಟಿಕೊಂಡಿದೆಯೇ? ತೆಗೆದು ತೊಳೆಯಬೇಕೇ?

ಮುದ್ರಣಾಸಕ್ತ:
ಶಾಯಿ ಹೆಡ್‌ವರೆಗೆ ಸರಿಯಾಗಿ ತಲುಪುತ್ತಿಲ್ಲ ಅನ್ನಿಸುತ್ತದೆ. ಟ್ಯಾಂಕಿನ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಎತ್ತರಿಸಿ ನೋಡಿ, ತಾನಾಗಿ ಇಳಿದು ಬರುತ್ತದೆ.

ಹನಿಲೆಕ್ಕ:
ದಯವಿಟ್ಟು ಟ್ಯಾಂಕನ್ನು ಎತ್ತರಿಸಬೇಡಿ. ಶಾಯಿ ತಲುಪುತ್ತಿಲ್ಲ ಎನ್ನುವುದು ನಿಜ, ಆದರೆ ಈ ಉಪಾಯ ಹೆಡ್ಡಿಗೇ ಅಪಾಯ. ಹೆಡ್ಡಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಶಾಯಿ ತೊಟ್ಟಿಕ್ಕದೆ ನಿಂತಿರುವುದು ಹಿಂದಿನಿಂದ ಅದನ್ನು ಹಿಡಿದೆಳೆಯುವ ಒಂದು ಸಣ್ಣ ಸೆಳೆತದಿಂದ. ಟ್ಯಾಂಕಿನ ಶಾಯಿಯ ಮಟ್ಟ ಹೆಡ್‌ಗಿಂತ ಸ್ವಲ್ಪ ಕೆಳಗಿದ್ದರೆ ಮಾತ್ರ ಆ ಸೆಳೆತ ಉಳಿಯುತ್ತದೆ. ಟ್ಯಾಂಕ್ ಮೇಲೇರಿತೆಂದರೆ ಪ್ರಿಂಟರ್ ಆಫ್ ಆಗಿದ್ದರೂ ಶಾಯಿ ಇಳಿಯುತ್ತಲೇ ಇರುತ್ತದೆ. ಹೆಡ್ ವಿಶ್ರಾಂತಿಗೆ ಕೂರುವ ರಬ್ಬರ್ ಮುಚ್ಚಳ ತುಂಬಿ, ಅಲ್ಲಿ ನಾಲ್ಕೂ ಬಣ್ಣ ಕಲೆತು, ಕಲೆತ ಶಾಯಿ ಪಕ್ಕದ ನಾಝಲ್‌ಗಳಿಗೂ ನುಗ್ಗುತ್ತದೆ. ಹಳದಿ ಹಸಿರಾಗಿ ಬರತೊಡಗಿದರೆ ಇದೇ ಆಗಿದೆ ಎಂದು ತಿಳಿಯಬೇಕು. ಎಪ್ಸನ್ 2010ರಲ್ಲಿ ಮೊದಲು ಇಂಡೊನೇಷ್ಯಾದಲ್ಲಿ ಮಾರಾಟಕ್ಕೆ ತಂದ ಟ್ಯಾಂಕ್ ಪ್ರಿಂಟರುಗಳಲ್ಲೂ ಟ್ಯಾಂಕನ್ನು ಪಕ್ಕದಲ್ಲಿ ತಗ್ಗಿನಲ್ಲೇ ಕೂರಿಸಿದ್ದರು. ಪ್ರಿಂಟರ್ ಮತ್ತು ಟ್ಯಾಂಕ್ ಒಂದೇ ಮೇಜಿನ ಮೇಲೆ, ಒಂದೇ ಸಮತಲದಲ್ಲಿರಲಿ.

ಇನ್ನು ನಿಮ್ಮ ಪ್ರಶ್ನೆ. ಹೆಡ್ ಕಟ್ಟಿಕೊಂಡಿದ್ದರೆ ಮೊದಲ ಸಾಲಿನಿಂದಲೇ ಗೊತ್ತಾಗುತ್ತದೆ. ನಾಝಲ್ ಚೆಕ್‌ನಲ್ಲಿ ಅದೇ ಗೆರೆಗಳು ಪ್ರತಿ ಸಲವೂ ಅದೇ ಜಾಗದಲ್ಲಿ ತಪ್ಪಿರುತ್ತವೆ. ನಿಮ್ಮಲ್ಲಿ ಬಣ್ಣ ಬರುತ್ತದೆ, ದಣಿಯುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಹೆಡ್ ಬೇಡುವ ವೇಗಕ್ಕೆ ಶಾಯಿ ಒದಗುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ಆದ್ದರಿಂದ ಹೆಡ್ಡನ್ನು ತೆಗೆಯಬೇಡಿ, ತೊಳೆಯಬೇಡಿ, ಕ್ಲೀನಿಂಗ್ ಕೂಡ ಸದ್ಯಕ್ಕೆ ನಿಲ್ಲಿಸಿ.

ಟ್ಯಾಂಕಿನ ಮೇಲೆ ಪ್ರತಿ ಬಣ್ಣಕ್ಕೂ ಎರಡು ರಂಧ್ರಗಳಿವೆಯಲ್ಲ, ದೊಡ್ಡದು ಶಾಯಿ ತುಂಬಲು, ಸಣ್ಣದು ಗಾಳಿಗೆ. ಸಾಗಣೆಯಲ್ಲಿ ಸೋರದಿರಲೆಂದು ಸಣ್ಣ ರಂಧ್ರಕ್ಕೂ ರಬ್ಬರ್ ಬಿರಡೆ ಹಾಕಿರುತ್ತಾರೆ. ಅಳವಡಿಸಿದ ಮೇಲೆ ಅದನ್ನು ಕಿತ್ತು ಗಾಳಿಯ ಫಿಲ್ಟರ್ ಕೂರಿಸಬೇಕು. ಶಾಯಿ ಹೊರಗೆ ಹೋದಷ್ಟು ಗಾಳಿ ಒಳಗೆ ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಶಾಯಿಯನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ನೀಲಿ ಟ್ಯಾಂಕಿನ ಫಿಲ್ಟರನ್ನು ತೆಗೆದಿಟ್ಟು ಅದೇ ಫೋಟೊ ಮುದ್ರಿಸಿ ನೋಡಿ. ದೊಡ್ಡ ಬಿರಡೆಯನ್ನು ಮಾತ್ರ ಮುಟ್ಟಬೇಡಿ. ಬಣ್ಣ ಆಗಲೂ ತೆಳುವಾದರೆ ಹೆಡ್ ಎರಡೂ ತುದಿಗೆ ಓಡುವಾಗ ಕೊಳವೆ ಎಲ್ಲಾದರೂ ಮಡಚಿಕೊಳ್ಳುತ್ತದೆಯೇ, ಮೇಲಿನ ಮುಚ್ಚಳದ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿದೆಯೇ ಎಂದು ನೋಡಬೇಕಾಗುತ್ತದೆ.

ನೀಲಿಗೆರೆ:
ಫಿಲ್ಟರ್ ತೆಗೆದ ಕೂಡಲೇ ಕೊಳವೆಯಲ್ಲಿ ಶಾಯಿ ಮುಂದಕ್ಕೆ ಸರಿದದ್ದು ಕಣ್ಣಿಗೇ ಕಾಣಿಸಿತು! ಫೋಟೊ ಕೊನೆಯ ಸಾಲಿನವರೆಗೂ ಸರಿಯಾಗಿ ಬಂತು. ಫಿಲ್ಟರಿನ ಒಳಗೆ ನೋಡಿದರೆ ಬಿಳಿಯಿರಬೇಕಾದ ಹಾಳೆ ಪೂರ್ತಿ ನೀಲಿಯಾಗಿ ಒದ್ದೆಯಾಗಿದೆ. ಅಲ್ಲಿಗೆ ಶಾಯಿ ಏರಿದ್ದು ಹೇಗೆ?

ಹನಿಲೆಕ್ಕ:
ಬಹಳ ಸಂತೋಷ. ಒದ್ದೆ ಫಿಲ್ಟರಿನ ಮೂಲಕ ಗಾಳಿ ತೀರಾ ನಿಧಾನವಾಗಿ ನುಸುಳುತ್ತದೆ. ಬೆಳಗಾಗುವಷ್ಟರಲ್ಲಿ ಬಣ್ಣ ಮರಳುತ್ತಿದ್ದದ್ದು ಅದಕ್ಕೇ. ಅದನ್ನು ಒಣಗಿಸಿ ಮತ್ತೆ ಹಾಕುವ ಬದಲು ಹೊಸದನ್ನೇ ಹಾಕಿ.

ಶಾಯಿ ಏರುವುದು ಸಾಮಾನ್ಯವಾಗಿ ತುಂಬುವಾಗ. ಇಂಥ ಟ್ಯಾಂಕುಗಳೊಳಗೆ ಒಂದು ದೊಡ್ಡ ಕೋಣೆ, ಒಂದು ಕಿರಿದಾದ ಗಾಳಿ ಕೋಣೆ. ಎರಡೂ ತಳದಲ್ಲಿ ಕೂಡುತ್ತವೆ. ದೊಡ್ಡ ಕೋಣೆ ಬಿಗಿಯಾಗಿ ಮುಚ್ಚಿರುವವರೆಗೆ ಕಿರಿದರಲ್ಲಿ ಶಾಯಿ ತಳದಲ್ಲಷ್ಟೇ ನಿಲ್ಲುತ್ತದೆ. ಹೀಗಾಗಿ ಟ್ಯಾಂಕ್ ತುಂಬಿದ್ದರೂ ಅರ್ಧವಾಗಿದ್ದರೂ ಹೆಡ್ಡಿನ ಮೇಲಿನ ಸೆಳೆತ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬಹಳ ಜಾಣ ವಿನ್ಯಾಸ ಇದು. ಆದರೆ ಗಾಳಿ ರಂಧ್ರ ತೆರೆದಿರುವಾಗಲೇ ದೊಡ್ಡ ಬಿರಡೆ ಕಿತ್ತರೆ ಎರಡೂ ಕೋಣೆಗಳ ಮಟ್ಟ ಸಮವಾಗಿ ಶಾಯಿ ಫಿಲ್ಟರಿನವರೆಗೆ ಏರಿಬಿಡುತ್ತದೆ. ಮೊದಲು ಸಣ್ಣ ರಂಧ್ರಕ್ಕೆ ಬಿರಡೆ, ಆಮೇಲೆ ದೊಡ್ಡದನ್ನು ತೆರೆದು ತುಂಬುವುದು, ದೊಡ್ಡದನ್ನು ಬಿಗಿಯಾಗಿ ಮುಚ್ಚುವುದು, ಕೊನೆಗೆ ಸಣ್ಣದರ ಬಿರಡೆ ತೆಗೆದು ಫಿಲ್ಟರ್ ಹಾಕುವುದು. ಈ ಕ್ರಮ ಎಂದೂ ತಪ್ಪಬಾರದು. ಪ್ರಿಂಟರನ್ನು ಬೇರೆಡೆಗೆ ಸಾಗಿಸುವಾಗಲೂ ಎರಡೂ ರಂಧ್ರ ಮುಚ್ಚಿ, ಟ್ಯಾಂಕನ್ನು ವಾಲಿಸದೆ ಒಯ್ಯಿರಿ.

ಬಣ್ಣದಬುಗ್ಗೆ:
ನನ್ನ ಪ್ರಿಂಟರಿನಲ್ಲಿ ಹೆಡ್ ಕಾರ್ಟ್ರಿಡ್ಜಿಗೇ ಅಂಟಿಕೊಂಡಿದೆ, ಕಪ್ಪಿಗೊಂದು, ಮೂರು ಬಣ್ಣಕ್ಕೊಂದು. ಇದಕ್ಕೂ ಕಿಟ್ ಹಾಕಬಹುದೇ?

ಹನಿಲೆಕ್ಕ:
ಹಾಕಬಹುದು. ಎಚ್‌ಪಿ, ಕ್ಯಾನನ್‌ಗಳ ಎರಡು ಕಾರ್ಟ್ರಿಡ್ಜಿನ ಹಲವು ಮಾದರಿಗಳು ಹೀಗೇ ಇವೆ. ಕಾರ್ಟ್ರಿಡ್ಜಿನ ಮೇಲ್ಭಾಗದಲ್ಲಿ ರಂಧ್ರ ಕೊರೆದು ಸ್ಪಂಜಿಗೆ ಕೊಳವೆ ಇಳಿಸುತ್ತಾರೆ. ಅಂಚಿನಲ್ಲಿ ಗಾಳಿ ನುಸುಳದಂತೆ ರಬ್ಬರ್ ವಾಷರ್ ಬೇಕೇ ಬೇಕು. ಈ ಹೆಡ್‌ಗಳು ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಆವಿಯ ಗುಳ್ಳೆಯಿಂದ ಹನಿಯನ್ನು ಚಿಮ್ಮಿಸುತ್ತವೆ, ಮತ್ತು ಅವನ್ನು ತಣಿಸುವುದೂ ಆ ಶಾಯಿಯೇ. ಬಣ್ಣ ತೆಳುವಾದದ್ದು ಕಂಡ ಕೂಡಲೇ ಮುದ್ರಣ ನಿಲ್ಲಿಸಿ. ಒಣಗಿದ ಹೆಡ್ಡನ್ನು ಓಡಿಸಿದರೆ ಸುಟ್ಟೇ ಹೋಗುತ್ತದೆ.

ನೀಲಿಗೆರೆ:
ಹೊಸ ಫಿಲ್ಟರ್ ಹಾಕಿದ ಮೇಲೆ ನೀಲಿ ಪೂರ್ತಿ ಸರಿ. ಆದರೆ ಕೆಂಪಿನ ಕೊಳವೆಯಲ್ಲಿ ಬೆಳಿಗ್ಗೆ ನೋಡಿದರೆ ಶಾಯಿ ಟ್ಯಾಂಕಿನ ಕಡೆಗೆ ಜಾರಿ, ಕಾರ್ಟ್ರಿಡ್ಜಿನ ಬಳಿ ಕೊಳವೆ ಖಾಲಿಯಾಗಿದೆ. ಇನ್ನೊಂದು ಚಿಂತೆ: ಇಷ್ಟೆಲ್ಲ ಕ್ಲೀನಿಂಗ್ ಮಾಡಿದ ಶಾಯಿ ಎಲ್ಲಿಗೆ ಹೋಯಿತು?

ಹನಿಲೆಕ್ಕ:
ನೀರಿನಲ್ಲಿ ಅದ್ದಿದ ಸ್ಟ್ರಾದ ಮೇಲ್ತುದಿಗೆ ಬೆರಳೊತ್ತಿ ಎತ್ತಿದರೆ ನೀರು ಬೀಳದೆ ನಿಲ್ಲುತ್ತದಲ್ಲ, ಕೊಳವೆಯ ಶಾಯಿ ನಿಲ್ಲುವುದೂ ಹಾಗೆಯೇ. ಅದು ಜಾರಿದೆ ಎಂದರೆ ಮೇಲ್ತುದಿಯಲ್ಲಿ ಗಾಳಿ ನುಸುಳುತ್ತಿದೆ. ಕಾರ್ಟ್ರಿಡ್ಜಿಗೆ ಕೊಳವೆ ಸೇರುವ ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಕ) ಬಳಿ ನೋಡಿ. ಕೊಳವೆಯ ತುದಿ ಹಿಗ್ಗಿದ್ದರೆ ಅಷ್ಟು ಭಾಗವನ್ನು ನೇರವಾಗಿ ಕತ್ತರಿಸಿ ಮತ್ತೆ ಒತ್ತಿ ಕೂರಿಸಿ; ವಾಷರ್ ಸಡಿಲವಾಗಿದ್ದರೆ ಬದಲಿಸಿ. ಬಳಿಕ ಕಾರ್ಟ್ರಿಡ್ಜನ್ನು ಹೊರತೆಗೆದು, ತಳದ ದ್ವಾರಕ್ಕೆ ಸಿರಿಂಜ್ ಹಿಡಿದು, ಗುಳ್ಳೆಯಿಲ್ಲದ ಶಾಯಿ ಬರುವವರೆಗೆ ನಿಧಾನವಾಗಿ ಎಳೆಯಿರಿ. ಎಳೆಯಬೇಕೇ ಹೊರತು ಹೆಡ್ಡಿನೊಳಕ್ಕೆ ಶಾಯಿಯನ್ನು ಬಲವಾಗಿ ತಳ್ಳಬಾರದು, ಒಳಗಿನ ಸೂಕ್ಷ್ಮ ಭಾಗಗಳು ಆ ಒತ್ತಡ ತಾಳುವುದಿಲ್ಲ.

ಕ್ಲೀನಿಂಗ್ ಮಾಡಿದ ಶಾಯಿಯೆಲ್ಲ ಪ್ರಿಂಟರಿನ ತಳದಲ್ಲಿರುವ ಹೀರುವ ಪ್ಯಾಡ್ ಸೇರಿದೆ. ಎಷ್ಟು ಸೇರಿರಬಹುದೆಂದು ಪ್ರಿಂಟರ್ ಲೆಕ್ಕ ಇಟ್ಟುಕೊಂಡು, ಮಿತಿ ಮುಟ್ಟಿದ ದಿನ ಮುದ್ರಿಸುವುದನ್ನೇ ನಿಲ್ಲಿಸುತ್ತದೆ. ಆಗ ಲೆಕ್ಕವನ್ನು ಸೊನ್ನೆಗೆ ತರುವ ತಂತ್ರಾಂಶ ಹುಡುಕುವವರೇ ಹೆಚ್ಚು. ಪ್ಯಾಡ್ ಬದಲಿಸದೆ ಅಷ್ಟನ್ನೇ ಮಾಡಿದರೆ ಒಂದು ದಿನ ಶಾಯಿ ಮೇಜಿನ ಮೇಲೆ ಹರಿಯುತ್ತದೆ. ಮೊದಲು ಪ್ಯಾಡ್ ಬದಲಿಸಿ, ಆಮೇಲೆ ಲೆಕ್ಕ ಅಳಿಸಿ.

ನೀಲಿಗೆರೆ:
ಎಲ್ಬೋದಲ್ಲಿ ಕೊಳವೆ ಅರ್ಧವಷ್ಟೇ ಕೂತಿತ್ತು. ತುದಿ ಕತ್ತರಿಸಿ ಒತ್ತಿದ್ದೇನೆ, ಸಿರಿಂಜಿನಿಂದ ಗಾಳಿ ತೆಗೆದಿದ್ದೇನೆ. ರಾತ್ರಿ ಕಳೆದರೂ ಶಾಯಿ ಒಂದಿಷ್ಟೂ ಜಾರಿಲ್ಲ. ಹೊಸ ಪ್ಯಾಡ್ ಸಿಕ್ಕಿದ ಮೇಲೆ ತಳ ಬಿಚ್ಚುತ್ತೇನೆ. ತುಂಬಾ ಧನ್ಯವಾದಗಳು ಸರ್.